ಗೋಧಿ ಸೀಮೆಯ ಕ್ಲಬ್ಬಿನ ಚರಿತ್ರೆ ಬರೆದದ್ದು

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಪಶ್ಚಿಮಕ್ಕೆ ವಿಮ್ಮೆರಾ ಎಂಬ ಗೋಧಿ ಸೀಮೆಯಿದೆ. ಅಲ್ಲಿನ ಸಣ್ಣ ಊರೊಂದರಲ್ಲಿ ನನ್ನದು ಔಷಧಿ ಅಂಗಡಿ. ಊರಿನ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆ ಬರೆಯುವ ಕೆಲಸ ನನ್ನ ತಲೆಗೆ ಬಂದದ್ದು ನಾನು ಯಾವ ಮನೆತನಕ್ಕೂ ನೆಂಟನಲ್ಲದ ಕಾರಣಕ್ಕೆ. ‘ನೀವಾದರೆ ಯಾರ ಅಜ್ಜನನ್ನೂ ಹೊಗಳುವುದಿಲ್ಲ’ ಎಂದರು ಕಾರ್ಯದರ್ಶಿ.

ಇದು ನಾವು ಬಲ್ಲ ಸಾಕರ್ ಅಲ್ಲ, ಆಸ್ಟ್ರೇಲಿಯಾದ್ದೇ ಆದ ಫುಟ್‌ಬಾಲ್. ಈ ಆಟದಲ್ಲಿ ತಂಡಕ್ಕೆ 18 ಜನ, ಮೈದಾನದ ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನ ಜೋಡಿ ಕಂಬಗಳೊಳಗೆ ಒದ್ದರೆ ಗೋಲು, 6 ಅಂಕ; ಪಕ್ಕಕ್ಕೆ ಜಾರಿದರೆ ‘ಬಿಹೈಂಡ್’, 1 ಅಂಕ. ಮೆಲ್ಬರ್ನ್‌ನ ದೊಡ್ಡ ಲೀಗ್ ಈ ಲೆಕ್ಕ ಹಿಡಿದದ್ದು 1897ರಲ್ಲಿ. ಅದಕ್ಕೂ ಹಿಂದೆ ಬಿಹೈಂಡ್‌ಗಳನ್ನು ಪತ್ರಿಕೆಯಲ್ಲಿ ಬರೆಯುತ್ತಿದ್ದರೂ ಫಲಿತಾಂಶಕ್ಕೆ ಹಿಡಿಯುತ್ತಿರಲಿಲ್ಲ. 4 ಗೋಲು 9 ಬಿಹೈಂಡ್ ಹೊಡೆದವರು 5 ಗೋಲು 2 ಬಿಹೈಂಡ್ ಹೊಡೆದವರೆದುರು ಅಂದು ಸೋತಂತೆಯೇ. ಇಂದಿನ ಲೆಕ್ಕದಲ್ಲಿ ಅವರೇ 33ಕ್ಕೆ 32ರಿಂದ ಗೆದ್ದವರು. ಹಳೆಯ ಪಂದ್ಯಗಳನ್ನು ಹೊಸ ಕೂಡಿಕೆಯಲ್ಲಿ ಗೆಲ್ಲಿಸಲು ಆಸೆಪಟ್ಟವರು ಸಮಿತಿಯಲ್ಲೂ ಇದ್ದರು. ನಾನು ಒಪ್ಪಲಿಲ್ಲ.

ಮೊದಲ ಆಧಾರ ‘ಟ್ರೋವ್’ ಎಂಬ ಜಾಲತಾಣ. ರಾಷ್ಟ್ರೀಯ ಗ್ರಂಥಾಲಯ ಹಳೆಯ ಪತ್ರಿಕೆಗಳನ್ನು ಅಲ್ಲಿ ಉಚಿತವಾಗಿ ಓದಲು ಕೊಟ್ಟಿದೆ. ಮಸಿ ಹರಡಿದ ಅಕ್ಷರಗಳನ್ನು ಯಂತ್ರ ಏನೇನೋ ಓದಿಕೊಂಡಿರುವುದರಿಂದ ನಮ್ಮ ಕ್ಲಬ್ಬಿನ ಹೆಸರು ಹಾಕಿದರೆ ಎಷ್ಟೋ ವರದಿ ಸಿಗುವುದಿಲ್ಲ. ಎದುರಾಳಿ ಊರುಗಳ ಹೆಸರು ಹಾಕಿ ಹುಡುಕಬೇಕು. ತಪ್ಪು ಕಂಡರೆ ಓದುಗರೇ ತಿದ್ದಬಹುದು, ನಾನೂ ರಾತ್ರಿ ಕುಳಿತು ತಿದ್ದಿದೆ. ಆದರೆ ಅಲ್ಲಿನ ಬಹುಪಾಲು ಪತ್ರಿಕೆಗಳು 1954ಕ್ಕೆ ನಿಲ್ಲುತ್ತವೆ. ಆಮೇಲಿನದಕ್ಕೆ ಮೈಕ್ರೋಫಿಲ್ಮ್ ಮತ್ತು ಮುದುಕರ ನೆನಪು. ನೆನಪಿನಲ್ಲಿ ಎಲ್ಲ ಗೋಲುಗಳೂ ಅರವತ್ತು ಗಜದಾಚೆಯಿಂದಲೇ ಬಿದ್ದಿರುತ್ತವೆ. ಮಹಾಯುದ್ಧಕ್ಕೆ ಹೋದ ಆಟಗಾರರನ್ನು ರಾಷ್ಟ್ರೀಯ ಪತ್ರಾಗಾರದ ಸೇವಾ ದಾಖಲೆಗಳಲ್ಲಿ ಹುಡುಕಿದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಮಹಿಳಾ ಸಮಿತಿಯ ನಡಾವಳಿ ಪುಸ್ತಕ. ಸ್ಕೋನ್ ಎಂಬ ಚಹಾದ ಜೊತೆಗಿನ ಬನ್ನು ಯಾರು ಬೇಯಿಸಬೇಕು, ಚಹಾದ ಕೊಳಗ ಯಾರ ಮನೆಯಿಂದ ಬರಬೇಕು, ನೃತ್ಯ ಕೂಟದಲ್ಲಿ ಬಂದ ಹಣದಿಂದ ಸ್ನಾನದ ಕೋಣೆಗೆ ಬಿಸಿನೀರು ಹಾಕಿಸುವುದೋ ಬೇಡವೋ, ಎಲ್ಲವೂ ನೀಲಿ ಶಾಯಿಯಲ್ಲಿ ಇದೆ. ಕ್ಲಬ್ಬನ್ನು ಬದುಕಿಸಿದ್ದೇ ಆ ಹಣ. ಆದರೆ ಒಬ್ಬ ಹೆಂಗಸಿನ ಹೆಸರೂ ಇಲ್ಲ. ‘ಮಿಸೆಸ್’ ಎಂದು ಬರೆದು ಮುಂದೆ ಗಂಡನ ಹೆಸರು. ಮತದಾರರ ಪಟ್ಟಿ, ಸ್ಮಶಾನದ ದಾಖಲೆ ಇಟ್ಟುಕೊಂಡು ಒಬ್ಬೊಬ್ಬರ ಸ್ವಂತ ಹೆಸರು ಹೆಕ್ಕಿದೆ. ಆಟಗಾರರ ಪಟ್ಟಿಗಿಂತ ಹೆಚ್ಚು ಕಾಲ ಹಿಡಿದದ್ದು ಇದಕ್ಕೇ.

ಜಗಳವಾದದ್ದು ವಿಲೀನದ ಅಧ್ಯಾಯಕ್ಕೆ. ಹೊಲಗಳು ದೊಡ್ಡದಾದವು, ಯಂತ್ರ ಬಂತು, ಮನೆಗಳು ಖಾಲಿಯಾದವು. ಹದಿನೆಂಟು ಹುಡುಗರು ಸಿಗದ ಊರುಗಳು ಪಕ್ಕದೂರಿನ ಜೊತೆ ಸೇರಿಕೊಂಡವು. ಮಿನಿಪ್-ಮುರ್ಟೋವಾ, ಹ್ಯಾರೋ-ಬಾಲ್ಮೋರಲ್ ಎಂಬ ಜೋಡಿ ಹೆಸರುಗಳು ಹುಟ್ಟಿದ್ದು ಹೀಗೆ. ನಮ್ಮದೂ ಅಂಥದ್ದೇ. ಹಳೆಯ ಎರಡು ಕ್ಲಬ್ಬುಗಳ ಪ್ರಶಸ್ತಿಗಳನ್ನು ಕೂಡಿಸಿ ಒಂದೇ ಸಂಖ್ಯೆ ಹಾಕಿ ಎಂದರು ಕೆಲವರು. ಮೂರು ಪಟ್ಟಿ ಹಾಕಿದೆ: ಆ ಊರಿನದು, ಈ ಊರಿನದು, ಸೇರಿದ ಮೇಲಿನದು. ಒಂದು ಊರಿನ ಹಿರಿಯರೊಬ್ಬರು ಇಂದಿಗೂ ಅಂಗಡಿಗೆ ಬಂದರೆ ಮಾತ್ರೆ ತೆಗೆದುಕೊಂಡು ಮಾತಾಡದೆ ಹೋಗುತ್ತಾರೆ.

ಇಂಥ ಕೆಲಸಕ್ಕೆ ಕೈಹಾಕುವವರು ಪುಸ್ತಕ ಅಚ್ಚಾದ ಮೇಲೆ ರಾಷ್ಟ್ರೀಯ ಗ್ರಂಥಾಲಯಕ್ಕೂ ವಿಕ್ಟೋರಿಯಾದ ರಾಜ್ಯ ಗ್ರಂಥಾಲಯಕ್ಕೂ ಒಂದೊಂದು ಪ್ರತಿ ಕಳುಹಿಸಬೇಕು, ಅದು ಕಾನೂನು. ನಡಾವಳಿ ಪುಸ್ತಕಗಳನ್ನು ಮಾತ್ರ ಕ್ಲಬ್ಬಿನ ಬೀರುವಿಗೆ ಮರಳಿಸುವ ಮೊದಲು ಪುಟ ಪುಟವೂ ಫೋಟೋ ತೆಗೆದಿಡಿ, ಅಲ್ಲಿ ಇಲಿಗಳಿವೆ.