ಫಾಸ್ಟರ್ ಕೇರ್‌ನಲ್ಲಿರುವ ಮಗುವನ್ನು ದತ್ತು ಪಡೆಯುವುದು: ಕಾನೂನಿನ ಪ್ರಶ್ನೆಗಳು

ಫಾಸ್ಟರ್ ಕೇರ್, ಅಂದರೆ ತಾತ್ಕಾಲಿಕ ಪೋಷಕತ್ವದಲ್ಲಿ ಮಗುವನ್ನು ಸಾಕುತ್ತಿರುವ ತುಮಕೂರು ಜಿಲ್ಲೆಯ ದಂಪತಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ, "ಎರಡು ವರ್ಷ ಕಳೆದರೆ ಮಗು ನಮ್ಮದೇ ಅಲ್ಲವೇ?" ಎಂಬುದು. ಅಲ್ಲ. ದತ್ತಿಗೆ ಮೊದಲು ಸಾಕಿರಬೇಕಾದ ಅವಧಿಯನ್ನು 2024ರ ಮಾದರಿ ಮಾರ್ಗಸೂಚಿ ಐದು ವರ್ಷದಿಂದ ಎರಡು ವರ್ಷಕ್ಕೆ ಇಳಿಸಿರುವುದು ನಿಜವಾದರೂ, ಅದರಿಂದ ಅರ್ಜಿ ಹಾಕುವ ಅರ್ಹತೆ ಬರುತ್ತದೆಯೇ ಹೊರತು ಮಗುವಿನ ಮೇಲೆ ಹಕ್ಕು ಹುಟ್ಟುವುದಿಲ್ಲ.

ಮೊದಲು ನೋಡಬೇಕಾದದ್ದು, ಮಗು ದತ್ತಿಗೆ ಕಾನೂನುಬದ್ಧವಾಗಿ ಮುಕ್ತವಾಗಿದೆ ಎಂದು ಮಕ್ಕಳ ಕಲ್ಯಾಣ ಸಮಿತಿ ಹೊರಡಿಸುವ ಆದೇಶ. 2015ರ ಬಾಲನ್ಯಾಯ ಕಾಯ್ದೆಯ 38ನೇ ಕಲಮಿನಡಿ ಬರುವ ಈ ಆದೇಶಕ್ಕೆ ಸಮಿತಿಯ ಕನಿಷ್ಠ ಮೂವರು ಸದಸ್ಯರ ತೀರ್ಮಾನ ಬೇಕು. ಮಗುವನ್ನು ನಿಮ್ಮ ಮನೆಗೆ ಒಪ್ಪಿಸಿದ ಆದೇಶವೂ ಅದೇ ಸಮಿತಿಯದ್ದೇ ಆಗಿರುವುದರಿಂದ ಇವೆರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ಹೆತ್ತವರು ತಾವಾಗಿ ಒಪ್ಪಿಸಿದ್ದರೆ, ಮನಸ್ಸು ಬದಲಿಸಲು ಅವರಿಗೆ ಎರಡು ತಿಂಗಳ ಕಾಲಾವಕಾಶವಿದೆ. ತಾಯಿ ಕಾಯಿಲೆಯಿಂದಲೋ ತಂದೆ ಜೈಲಿನಲ್ಲಿರುವುದರಿಂದಲೋ ಮಗು ನಿಮ್ಮಲ್ಲಿಗೆ ಬಂದಿದ್ದು, ಅವರು ಅದನ್ನು ಬಿಟ್ಟುಕೊಟ್ಟಿಲ್ಲವಾದರೆ, ನೀವು ಎಷ್ಟೇ ಅಕ್ಕರೆಯಿಂದ ಸಾಕಿದ್ದರೂ ಮಗು ಅವರ ಮನೆಗೆ ಮರಳುವುದೇ ಪೋಷಕತ್ವದ ಉದ್ದೇಶ. ಇದು ಕಠಿಣವೆನಿಸಬಹುದು, ಆದರೆ ನ್ಯಾಯವೂ ಹೌದು.

ಮಗು ಮುಕ್ತವೆಂದು ಘೋಷಣೆಯಾದ ಮೇಲೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮಾರ್ಗದರ್ಶನದಲ್ಲಿ ಕೇಂದ್ರೀಯ ದತ್ತು ಪ್ರಾಧಿಕಾರದ ಕೇರಿಂಗ್ಸ್ ಜಾಲತಾಣದಲ್ಲಿ ಮುಂದುವರಿಯಬೇಕು. ಒಂಟಿ ಪುರುಷ ಹೆಣ್ಣುಮಗುವನ್ನು ದತ್ತು ಪಡೆಯುವಂತಿಲ್ಲ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ನೀಡುವವರು ನ್ಯಾಯಾಲಯವಲ್ಲ, ಜಿಲ್ಲಾಧಿಕಾರಿಗಳು. ವಿಚಾರಣೆ ಗೋಪ್ಯವಾಗಿ ನಡೆಯುತ್ತದೆ, ಮಗುವಿನ ವಯಸ್ಸು ಮತ್ತು ತಿಳಿವಳಿಕೆಗೆ ತಕ್ಕಂತೆ ಅದರ ಇಚ್ಛೆಯನ್ನೂ ಪರಿಗಣಿಸಲಾಗುತ್ತದೆ. ಆದೇಶದಿಂದ ಬಾಧಿತರಾದವರು 30 ದಿನಗಳೊಳಗೆ ವಿಭಾಗೀಯ ಆಯುಕ್ತರಿಗೆ ಮೇಲ್ಮನವಿ ಸಲ್ಲಿಸಬಹುದು. ಈ ಜಿಲ್ಲೆಯವರಿಗೆ ಅದು ಬೆಂಗಳೂರು ವಿಭಾಗ.

ಛಾಪಾ ಕಾಗದದ ಮೇಲೆ ಕರಾರು ಬರೆಸಿ ನೋಟರಿ ಮಾಡಿಸಿದರೆ ಸಾಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಾಯ್ದೆಯ ವಿಧಾನವನ್ನು ಬಿಟ್ಟು ಅನಾಥ, ತ್ಯಕ್ತ ಅಥವಾ ಒಪ್ಪಿಸಲಾದ ಮಗುವನ್ನು ದತ್ತು ಕೊಡುವುದಕ್ಕೂ ಪಡೆಯುವುದಕ್ಕೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು.

ಆಸ್ತಿಯ ವಿಷಯದಲ್ಲಿ ಹಳ್ಳಿಗಳಲ್ಲಿ ಗೊಂದಲ ಹೆಚ್ಚು. ದತ್ತು ಆದೇಶದ ದಿನದಿಂದ ಮಗು ಎಲ್ಲ ರೀತಿಯಲ್ಲೂ ನಿಮ್ಮದೇ, ವಾರಸುದಾರಿಕೆಯೂ ಅದಕ್ಕೆ ಸೇರಿದ್ದು. ಆದರೆ ಹೆತ್ತ ತಂದೆ ತೀರಿಕೊಂಡು ಅವರ ಜಮೀನು ಅದಕ್ಕೂ ಮೊದಲೇ ಮಗುವಿನ ಪಾಲಿಗೆ ಬಂದಿದ್ದರೆ ಅದು ಮಗುವಿಗೇ ಉಳಿಯುತ್ತದೆ. ಆ ಪಹಣಿಯ ಪ್ರತಿಯನ್ನು ಜೋಪಾನವಾಗಿಡಿ. ದತ್ತು ಆಗುವವರೆಗೆ ಮಾತ್ರ ಸಾಕುಮಗುವಿಗೆ ನಿಮ್ಮ ಆಸ್ತಿಯಲ್ಲಿ ತಾನಾಗಿ ಪಾಲು ಸಿಗದು, ಕೊಡಬೇಕೆಂದಿದ್ದರೆ ವಿಲ್ ಬರೆಯಬೇಕು.

ಶಾಲಾ ದಾಖಲೆಯಲ್ಲಿಯೂ ಅಷ್ಟೇ: ಆದೇಶ ಬರುವ ಮುಂಚೆ ತಂದೆ–ತಾಯಿಯ ಅಂಕಣದಲ್ಲಿ ನಿಮ್ಮ ಹೆಸರು ಬರೆಸದೆ ಪೋಷಕರೆಂದೇ ನಮೂದಿಸಿ. ಆದೇಶದ ನಂತರ ಜನನ ಪ್ರಮಾಣಪತ್ರದಲ್ಲಿ ನಿಮ್ಮ ಹೆಸರು ಸೇರುತ್ತದೆ. ಶಾಲೆ, ಆಧಾರ್ ತಿದ್ದುಪಡಿಗಳನ್ನು ಅದನ್ನು ತೋರಿಸಿಯೇ ಮಾಡಿಸಿಕೊಳ್ಳಿ.