ಮೇಲ್ಮನವಿಗೆ ಅನುಮತಿ ಪಡೆದದ್ದು: ನನ್ನ ಅನುಭವ

ಇಂಗ್ಲೆಂಡಿನಲ್ಲಿ ನನ್ನ ಹಿಂದಿನ ಸಾಲಿಸಿಟರುಗಳು (ವಕೀಲರು) 13,900 ಪೌಂಡ್ ಬಾಕಿ ಶುಲ್ಕಕ್ಕಾಗಿ ಹೂಡಿದ ದಾವೆಯಲ್ಲಿ ಕೌಂಟಿ ಕೋರ್ಟಿನ ಡಿಸ್ಟ್ರಿಕ್ಟ್ ಜಡ್ಜ್ ನನ್ನ ವಿರುದ್ಧ ತೀರ್ಪು ನೀಡಿದರು. ಮೇಲ್ಮನವಿಗೆ ಅಲ್ಲಿಯೇ ಅನುಮತಿ ಕೇಳಿದೆ, ಸಿಗಲಿಲ್ಲ. ಇನ್ನುಳಿದ ದಾರಿಯೆಂದರೆ ಎನ್161 ಎಂಬ ಮೇಲ್ಮನವಿ ನಮೂನೆಯಲ್ಲಿ, ಮೇಲಿನ ಹಂತದ ಸರ್ಕ್ಯೂಟ್ ಜಡ್ಜ್ ಅವರನ್ನು ಕೇಳುವುದು. ಅದಕ್ಕಿರುವ 21 ದಿನಗಳ ಗಡುವು ತೀರ್ಪು ಹೇಳಿದ ದಿನದಿಂದಲೇ ಓಡುತ್ತದೆಯೇ ಹೊರತು ಮೊಹರು ಬಿದ್ದ ಆದೇಶ ಅಂಚೆಯಲ್ಲಿ ಬಂದ ದಿನದಿಂದಲ್ಲ. ನನ್ನ ಕೈಗೆ ಆದೇಶ ತಲುಪುವಷ್ಟರಲ್ಲಿ 16 ದಿನ ಕಳೆದಿದ್ದವು.

ಗಡುವಿನೊಳಗೆ ಅರ್ಜಿ ಸಲ್ಲಿಸಿದೆನಾದರೂ ಎಡವಿದ್ದು ಬೇರೆ ಕಡೆ. ಸಾಲಿಸಿಟರುಗಳು ಫೋನಿಗೆ ಸಿಗಲಿಲ್ಲ, ಪತ್ರಕ್ಕೆ ಉತ್ತರವಿಲ್ಲ ಎಂದು 11 ಕಾರಣಗಳನ್ನು ಪೋಣಿಸಿದ್ದೆ. ಈಗ ಓದಿದರೆ ಅದು ಮೇಲ್ಮನವಿಯಲ್ಲ, ಗೋಳಿನ ಪಟ್ಟಿ. ನ್ಯಾಯಾಧೀಶರು ಕಾಗದಪತ್ರ ನೋಡಿಯೇ ಅನುಮತಿ ನಿರಾಕರಿಸಿದರು.

ಅಲ್ಲಿನ ಸಿವಿಲ್ ದಾವೆಗಳ ನಿಯಮಾವಳಿಯಾದ ಸಿವಿಲ್ ಪ್ರೊಸೀಜರ್ ರೂಲ್ಸ್‌ನ 52ನೆಯ ಭಾಗದ ಪ್ರಕಾರ, ಅರ್ಜಿಯಲ್ಲಿ ಹುರುಳೇ ಇಲ್ಲವೆಂದು ನ್ಯಾಯಾಧೀಶರು ಷರಾ ಬರೆದಿರದಿದ್ದರೆ, ನಿರಾಕರಣೆಯ ನೋಟಿಸ್ ಜಾರಿಯಾದ 7 ದಿನಗಳೊಳಗೆ ಮೌಖಿಕ ವಿಚಾರಣೆ ಕೋರಬಹುದು. ಕೋರಿದೆ. ಅನುಮತಿ ಸಿಗಬೇಕಾದರೆ ಮೇಲ್ಮನವಿ ಗೆಲ್ಲುವ ನೈಜ ಸಾಧ್ಯತೆಯಿರಬೇಕು, ಇಲ್ಲವೇ ಅದನ್ನು ಆಲಿಸಲು ಬೇರೆ ಬಲವಾದ ಕಾರಣವಿರಬೇಕು. ಈ ಅಳತೆಗೋಲಿಟ್ಟು ತೀರ್ಪಿನ ಟ್ರಾನ್ಸ್‌ಕ್ರಿಪ್ಟನ್ನು ಪೆನ್ಸಿಲ್ ಹಿಡಿದು ಓದಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು: ಒಟ್ಟು ಖರ್ಚು 6,000 ಪೌಂಡ್ ಆಗಬಹುದೆಂದು ಆ ಸಾಲಿಸಿಟರುಗಳೇ ಕಳುಹಿಸಿದ್ದ, ಸಾಕ್ಷ್ಯದ ಕಡತದ 42ನೆಯ ಪುಟದಲ್ಲಿದ್ದ ಇಮೇಲಿನ ಬಗ್ಗೆ ತೀರ್ಪಿನಲ್ಲಿ ಒಂದು ಸಾಲೂ ಇರಲಿಲ್ಲ.

ಉಳಿದ ಕಾರಣಗಳನ್ನೆಲ್ಲ ಕೈಬಿಟ್ಟು ಅದೊಂದನ್ನೇ ಎರಡು ಪುಟಗಳಲ್ಲಿ ಬರೆದೆ. ವಿಚಾರಣೆ ಇಪ್ಪತ್ತು ನಿಮಿಷವೂ ನಡೆಯಲಿಲ್ಲ. ಆ ಒಂದು ಕಾರಣದ ಮೇಲೆ ಅನುಮತಿ ದೊರೆಯಿತು. ಮೇಲ್ಮನವಿಯ ವಿಚಾರಣೆ ಇನ್ನು ಮುಂದಿದೆ.