ಕವರ್ ಬಿಚ್ಚೋ ಹೊತ್ತು: ಮೀನಿನ ಅಂಗಡಿ ನಡೆಸ್ತಾ ನಾನು ಕಲ್ತಿದ್ದು

ದಾವಣಗೆರೇಲಿ ನಂದೊಂದು ಸಣ್ಣ ಅಕ್ವೇರಿಯಂ ಅಂಗಡಿ ಇದೆ, ಒಂಬತ್ತು ವರ್ಷ ಆಯ್ತು. ಶುರುವಿನ ಮೂರು ವರ್ಷ ಬೆಳಿಗ್ಗೆ ಶಟರ್ ಎತ್ತಿದ ತಕ್ಷಣ ನಾನು ಮಾಡ್ತಿದ್ದ ಕೆಲಸ ಏನಂದ್ರೆ ಬಲೆ ತಗೊಂಡು ಸತ್ತ ಮೀನು ಎತ್ತೋದು. ಗಿರಾಕಿ ಬರೋದ್ರೊಳಗೆ ಎತ್ತಿಬಿಡ್ಬೇಕು, ಕೆಲಸ ಕಲ್ತ ಅಂಗಡೀಲಿ ನಂಗೆ ಹಾಗೇ ಹೇಳ್ಕೊಟ್ಟಿದ್ರು. ಮೀನು ಅಂದ್ಮೇಲೆ ಸಾಯುತ್ತೆ, ರೇಟಲ್ಲಿ ಅದನ್ನ ಸೇರಿಸ್ಕೊಂಡು ಮಾರು ಅಂತ. ನಾನೂ ಹಾಗೇ ಮಾಡ್ದೆ. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೇಲಿ ಏನೋ ಆಗುತ್ತೆ, ಆದ್ರೆ ನಡೆದಿದ್ದನ್ನ ನಡೆದ ಹಾಗೇ ಬರೀತಿದೀನಿ, ಯಾಕಂದ್ರೆ ತುಂಬಾ ಅಂಗಡೀಲಿ ಇವತ್ತಿಗೂ ಇದೇ ನಡೀತಿದೆ.

ಬದಲಾವಣೆ ಶುರುವಾಗಿದ್ದು ಒಂದು ನೋಟ್‌ಬುಕ್ಕಿಂದ. ಯಾವ ದಿನ ಎಷ್ಟು ಮೀನು ಬಂತು, ಯಾವ ದಿನ ಎಷ್ಟು ಸತ್ತಿತು, ಯಾವ ಟ್ಯಾಂಕಲ್ಲಿ, ಅಷ್ಟೇ ಬರೆಯೋಕೆ ಶುರು ಮಾಡ್ದೆ. ಎರಡು ತಿಂಗಳು ಬರೆದ್ಮೇಲೆ ನೋಡಿದ್ರೆ ಸಾವೆಲ್ಲಾ ಹೆಚ್ಚುಕಮ್ಮಿ ಎರಡೇ ಕಡೆ ಗುಂಪು ಕಟ್ಟಿದ್ವು. ಒಂದು, ಮಾಲು ಬಂದ ದಿನ ಮತ್ತೆ ಅದರ ಮಾರನೇ ದಿನ. ಇನ್ನೊಂದು, ಅದಾಗಿ ಒಂದು ವಾರಕ್ಕೆ, ಮೈಮೇಲೆ ಬಿಳಿ ಚುಕ್ಕೆ ಬಂದು.

ನಮಗೆ ಮಾಲು ಬರೋದು ಚೆನ್ನೈ ಕೊಳತ್ತೂರು ಕಡೆಯಿಂದ. ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಕವರು, ಅದು ಥರ್ಮಕೋಲ್ ಬಾಕ್ಸ್ ಒಳಗೆ, ರಾತ್ರಿ ಬಸ್ಸಿಗೆ ಹಾಕ್ತಾರೆ, ಪ್ಯಾಕ್ ಮಾಡಿದ ಹೊತ್ತಿಂದ ಲೆಕ್ಕ ಹಾಕಿದ್ರೆ ನಮ್ಮ ಕೈಗೆ ಸಿಗೋಷ್ಟರಲ್ಲಿ 15-16 ಗಂಟೆ ಆಗಿರುತ್ತೆ. ನಾನು ಆಗ ಏನು ಮಾಡ್ತಿದ್ದೆ ಅಂದ್ರೆ ಕವರ್ ಬಾಯಿ ಬಿಚ್ಚಿ ಟ್ಯಾಂಕಲ್ಲಿ ತೇಲಿಬಿಟ್ಟು, ಹತ್ತತ್ತು ನಿಮಿಷಕ್ಕೆ ಒಂದೊಂದು ಲೋಟ ಟ್ಯಾಂಕಿನ ನೀರು ಹಾಕ್ತಾ, ಒಂದು ಗಂಟೆ ಆದ್ಮೇಲೆ ಮೀನು ಬಿಡ್ತಿದ್ದೆ. ಎಲ್ರೂ ಹೇಳೋದೂ ಹಾಗೇ, ನಿಧಾನಕ್ಕೆ ಒಗ್ಗಿಸ್ಬೇಕು ಅಂತ.

ತಪ್ಪಾಗ್ತಿದ್ದಿದ್ದು ಅಲ್ಲೇ. ಮೀನು ಕಿವಿರಿಂದ ಅಮೋನಿಯಾ ಬಿಡ್ತಾನೇ ಇರುತ್ತೆ, ಕಟ್ಟಿದ ಕವರಲ್ಲಿ ಅದು ಸೇರ್ತಾ ಹೋಗುತ್ತೆ. ಜೊತೆಗೆ ಅದು ಉಸಿರಾಡಿದ ಕಾರ್ಬನ್ ಡೈಆಕ್ಸೈಡೂ ನೀರಲ್ಲಿ ಸೇರಿ ಪಿಎಚ್ (ನೀರು ಎಷ್ಟು ಹುಳಿ ಅನ್ನೋ ಅಳತೆ, ಹುಳಿ ಜಾಸ್ತಿ ಆದಷ್ಟೂ ಪಿಎಚ್ ಕಮ್ಮಿ) ಇಳಿಯುತ್ತೆ. ಪಿಎಚ್ ಕಮ್ಮಿ ಇದ್ದಾಗ ಅಮೋನಿಯಾ ಬಹುಪಾಲು ಅಮೋನಿಯಂ ಆಗಿ ಇರುತ್ತೆ, ಅದು ಅಷ್ಟು ವಿಷ ಅಲ್ಲ, ಅದಕ್ಕೇ ಮೀನು ರಾತ್ರಿಯೆಲ್ಲಾ ಬದುಕಿರೋದು. ಕವರ್ ಬಿಚ್ಚಿದ್ರೋ, ಆ ಗ್ಯಾಸ್ ಹೊರಗೆ ಹೋಗುತ್ತೆ, ಪಿಎಚ್ ಏರುತ್ತೆ, ಅದೇ ಅಮೋನಿಯಂ ವಾಪಸ್ ವಿಷದ ಅಮೋನಿಯಾ ಆಗುತ್ತೆ. ಸಾಲದು ಅಂತ ನಾನು ಲೋಟ ಲೋಟ ನಮ್ಮ ಬೋರ್ ನೀರು ಹಾಕ್ತಿದ್ದೆ, ಅದರ ಪಿಎಚ್ ಎಂಟರ ಹತ್ರ, ಅಂದ್ರೆ ಇನ್ನೂ ಬೇಗ. 16 ಗಂಟೆ ತಡ್ಕೊಂಡು ಬಂದ ಮೀನನ್ನ ಕೊನೇ ಒಂದು ಗಂಟೇಲಿ ನನ್ನ ಕೈಯಾರೆ ಸುಡ್ತಿದ್ದೆ.

ಈಗ ಮಾಡೋದು ಇಷ್ಟು. ಕವರ್ ಬಿಚ್ಚದೇ 20 ನಿಮಿಷ ತೇಲಿಸ್ತೀನಿ, ನೀರಿನ ಬಿಸಿ ಒಂದೇ ಆಗಲಿ ಅಂತ, ಅಂಗಡಿ ಲೈಟ್ ಆಫ್. ಆಮೇಲೆ ಕವರ್ ಕತ್ತರಿಸಿ, ತಡ ಮಾಡದೇ ಬಲೇಲಿ ಮೀನು ಎತ್ತಿ ಟ್ಯಾಂಕಿಗೆ, ಕವರ್ ನೀರು ಮೋರಿಗೆ. ಒಂದು ತೊಟ್ಟೂ ಟ್ಯಾಂಕಿಗೆ ಬೀಳಬಾರ್ದು. ಮೊದಲ ದಿನ ಊಟ ಹಾಕಲ್ಲ. (ನೀವು ಅಂಗಡಿಯಿಂದ ಅರ್ಧ ಗಂಟೇಲಿ ಮನೆಗೆ ತಗೊಂಡು ಹೋಗೋ ಮೀನಿಗೆ ನಿಧಾನಕ್ಕೆ ನೀರು ಬೆರೆಸೋದೇ ಸರಿ, ನಾನು ಹೇಳ್ತಿರೋದು ರಾತ್ರಿಯೆಲ್ಲಾ ಕವರಲ್ಲಿ ಇದ್ದ ಮೀನಿನ ಕಥೆ.) ಇದೊಂದೇ ಬದಲಾವಣೆಗೆ ನೋಟ್‌ಬುಕ್ಕಲ್ಲಿ ಮೊದಲ ಎರಡು ದಿನದ ಸಾವು ಅರ್ಧಕ್ಕಿಂತ ಕಮ್ಮಿ ಆಯ್ತು.

ಬಿಳಿ ಚುಕ್ಕೆದು ಇದಕ್ಕಿಂತ ಕಷ್ಟ ಆಯ್ತು. ಅಂಗಡೀಲಿ 18 ಟ್ಯಾಂಕು, ಎಲ್ಲದಕ್ಕೂ ಒಂದೇ ಫಿಲ್ಟರು, ಒಂದೇ ನೀರು ಸುತ್ತುತ್ತೆ, ಮೇಲಿಂದ ಬಲೆ ಎರಡೇ. ಒಂದು ಮೀನಿಗೆ ಬಂದ್ರೆ ಎಲ್ಲದಕ್ಕೂ ಬಂದ ಹಾಗೆ. ಆ ರೋಗದ ಜೀವಿ ಮೀನಿನ ಮೈಯಿಂದ ಉದುರಿ, ಟ್ಯಾಂಕಿನ ತಳದಲ್ಲಿ ಒಡೆದು ನೂರಾರು ಮರಿ ಆಗಿ, ಒಂದೆರಡು ದಿನದೊಳಗೆ ಇನ್ನೊಂದು ಮೀನು ಹುಡುಕ್ಕೊಂಡು ಹೋಗುತ್ತೆ, ಸಿಗಲಿಲ್ಲ ಅಂದ್ರೆ ಸಾಯುತ್ತೆ. ನಮ್ಮ ಅಂಗಡೀಲಿ ಅದಕ್ಕೆ ಸಿಗದೇ ಇರೋ ಪ್ರಶ್ನೆನೇ ಇರ್ಲಿಲ್ಲ.

ಅದಕ್ಕೆ ಹಿಂದಿನ ರೂಮಲ್ಲಿ ನಾಲ್ಕು ಟ್ಯಾಂಕ್ ಬೇರೆ ಹಾಕ್ದೆ, ಪ್ರತಿಯೊಂದಕ್ಕೂ ಅದರದ್ದೇ ಸ್ಪಾಂಜ್ ಫಿಲ್ಟರು, ಅದರದ್ದೇ ಬಲೆ. ಹೊಸ ಮಾಲು ಹತ್ತು ದಿನ ಅಲ್ಲೇ. ಬಲೆಗಳನ್ನ ಪೊಟ್ಯಾಸಿಯಂ ಪರ್ಮಾಂಗನೇಟ್ ನೀರಲ್ಲಿ ಅದ್ದಿ ಬಿಸಿಲಿಗೆ ಹಾಕ್ತೀನಿ. ನಲ್ಲಿ ನೀರು ಬಂದ ದಿನ ಡ್ರಮ್ಮಿಗೆ ತುಂಬಿ ಅದರಲ್ಲಿರೋ ಕ್ಲೋರಿನ್ ಹೋಗಲಿ ಅಂತ ಏರ್ ಬಿಟ್ಟು 24 ಗಂಟೆ ಇಡ್ತೀನಿ, ಅವಸರ ಇದ್ರೆ ಮಾತ್ರ ಹೈಪೋ (ಕ್ಲೋರಿನ್ ತೆಗೆಯೋ ಹರಳು) ಹಾಕೋದು. ಹತ್ತು ದಿನ ಮಾಲು ಮಾರದೇ ಇಟ್ಕೊಳೋದು ಅಂದ್ರೆ ದುಡ್ಡು ಅಷ್ಟು ದಿನ ನಿಂತ ಹಾಗೆ, ಮನೆಯವಳು ಕೇಳಿದ್ಲು, ಹೀಗಾದ್ರೆ ಬಾಡಿಗೆ ಹೆಂಗ್ರೀ ಕಟ್ಟೋದು ಅಂತ. ಮೊದಲ ಮೂರು ತಿಂಗಳು ಕೈಯಿಂದಾನೇ ಹಾಕಿದ್ದು. ಆಮೇಲೆ ಸಾಯೋದು ಕಮ್ಮಿ ಆಗಿ ತರಿಸೋ ಮಾಲೇ ಕಮ್ಮಿ ಸಾಕಾಯ್ತು, ಅಲ್ಲಿಗೆ ಸರಿ ಹೋಯ್ತು.

ಫೈಟರ್ ಮೀನಿನ ವಿಷ್ಯ ಬೇರೇನೇ ಬರೀಬೇಕು. ಗಂಡು ಗಂಡು ಕಚ್ಚಾಡ್ತವೆ ಅಂತ ಒಂದೊಂದನ್ನ ಒಂದೊಂದು ಪ್ಲಾಸ್ಟಿಕ್ ಲೋಟಕ್ಕೆ ಹಾಕಿ ಸಾಲಾಗಿ ಜೋಡಿಸಿರ್ತಾರೆ, ನೀವೆಲ್ಲಾ ನೋಡಿರ್ತೀರ. ಅದು ಗಾಳಿ ಕುಡಿಯೋ ಮೀನು, ತಲೇಲಿ ಅದಕ್ಕೊಂದು ಅಂಗ ಇದೆ, ಮೇಲೆ ಬಂದು ಉಸಿರು ತಗೊಳುತ್ತೆ, ಅದಕ್ಕೇ ಕೊಳಕು ನೀರಲ್ಲೂ ತಕ್ಷಣ ಸಾಯಲ್ಲ. ತಕ್ಷಣ ಸಾಯದೇ ಇರೋದನ್ನೇ ಜನ ಆರಾಮಾಗಿದೆ ಅಂದ್ಕೊಂಡಿದಾರೆ. ನೀರು ಕೆಡುತ್ತೆ ಅಂತ ಊಟಾನೂ ಹಾಕಲ್ಲ, ವಾರಗಟ್ಟಲೆ ಉಪವಾಸ. ಥಾಯ್ಲೆಂಡಿನ ಬೆಚ್ಚಗಿನ ಗದ್ದೆ ನೀರಿನ ಮೀನು ಅದು, 25 ಡಿಗ್ರಿ ಮೇಲೆ ಬೇಕು, ನಮ್ಮಲ್ಲಿ ಡಿಸೆಂಬರ್ ರಾತ್ರಿ ಆ ಲೋಟದ ನೀರು ಮುಟ್ಟಿ ನೋಡಿ, ಗೊತ್ತಾಗುತ್ತೆ.

ನಾನು 60 ಲೋಟ ಇಡ್ತಿದ್ದೋನು ಈಗ 15 ಜಾರ್ ಇಡ್ತೀನಿ, ಒಂದೊಂದು ಐದು ಲೀಟರಿಂದು, ಮಧ್ಯ ರಟ್ಟು, ಇಲ್ಲಾಂದ್ರೆ ಒಂದನ್ನೊಂದು ನೋಡಿ ದಿನವಿಡೀ ಕಿವಿರು ಉಬ್ಬಿಸ್ಕೊಂಡು ಸುಸ್ತಾಗ್ತವೆ. ಜಾರ್ ಎಲ್ಲಾ ಒಂದು ಅಗಲದ ಟಬ್ಬಲ್ಲಿ ನಿಲ್ಸಿ, ಟಬ್ಬಿಗೆ ನೀರು ತುಂಬಿ ಅದರಲ್ಲಿ ಒಂದೇ ಹೀಟರು. ಹದಿನೈದಕ್ಕೂ ಬಿಸಿ ಸಮ ಸಿಗುತ್ತೆ, ಹದಿನೈದು ಹೀಟರ್ ತರೋಕೆ ನನ್ನ ಹತ್ರ ದುಡ್ಡೂ ಇಲ್ಲ. ಮೂರು ದಿನಕ್ಕೆ ಅರ್ಧ ನೀರು ಬದಲು. ಜೊತೆಗೆ ರಸ್ತೆ ಬದಿ ಕಾಡು ಬಾದಾಮಿ ಮರದಿಂದ ತಾನಾಗೇ ಬಿದ್ದ ಒಣ ಎಲೆ, ತೊಳೆದು ಒಂದು ತುಂಡು ಹಾಕ್ತೀನಿ, ನೀರು ಟೀ ಬಣ್ಣಕ್ಕೆ ತಿರುಗುತ್ತೆ, ಹರಿದ ರೆಕ್ಕೆ ಬೇಗ ಕೂಡ್ಕೊಳ್ಳೋದನ್ನ ನಾನೇ ನೋಡಿದೀನಿ.

ಕೆಲವು ಮಾಲು ತರಿಸೋದೇ ನಿಲ್ಸಿದೆ. ಬಣ್ಣ ಚುಚ್ಚಿದ ಗ್ಲಾಸ್ ಫಿಶ್, ಪಾಪ ಅದು ನಮ್ಮ ದೇಶದ್ದೇ ಮೀನು, ಸೂಜೀಲಿ ಮೈಗೆ ಬಣ್ಣ ಹಾಕಿರ್ತಾರೆ, ಸ್ವಲ್ಪ ತಿಂಗಳಿಗೆ ಬಣ್ಣ ಹೋಗುತ್ತೆ, ಅಲ್ಲೀವರೆಗೂ ಬದುಕಿದ್ರೆ. ಸಕ್ಕರ್ ಮೀನೂ ಇಲ್ಲ, ಎರಡು ಇಂಚಿದ್ದಾಗ ಮುದ್ದಾಗಿರುತ್ತೆ, ಒಂದಡಿ ದಾಟಿದ್ಮೇಲೆ ಜನ ಕೆರೆಗೆ ಬಿಟ್ಟು ಬರ್ತಾರೆ. ಬೌಲ್ ಅಂತೂ ಮಾರಲ್ಲ.

ಬೌಲ್ ಮಾರದೇ ಇರೋದು ಹೇಳಿದಷ್ಟು ಸುಲಭ ಅಲ್ಲ. ಹೋದ ತಿಂಗಳು ಒಬ್ರು ಮಗಳನ್ನ ಕರ್ಕೊಂಡು ಬಂದ್ರು, "ಅಣ್ಣಾ, ಪಾಪು ಬರ್ತ್‌ಡೇ ಇವತ್ತು, ಒಂದು ಬೌಲು, ಎರಡು ಗೋಲ್ಡ್ ಫಿಶ್ ಹಾಕ್ಕೊಡಿ." ನಾನಂದೆ, "ಸರ್, ಇದು ಕೈಯುದ್ದ ಬೆಳೆಯೋ ಮೀನು, ಹತ್ತು ವರ್ಷ ಬದುಕುತ್ತೆ, ಬೌಲಲ್ಲಿ ಹತ್ತು ದಿನಾನೂ ಕಷ್ಟ." ಅವರಿಗೆ ಸಿಟ್ಟು ಬಂತು, ಮಾರೋಕೆ ಕೂತ್ಕೊಂಡು ಬೇಡ ಅಂತೀರಲ್ಲ ಅಂದ್ರು. ಮಗು ಮಾತ್ರ ಟ್ಯಾಂಕಿಗೆ ಮುಖ ಒತ್ಕೊಂಡು "ಮತ್ತೆ ಯಾವ್ ಮೀನು ಬದುಕುತ್ತೆ ಮಾಮಾ?" ಅಂತು. ಅವತ್ತು ಅವರಿಗೆ ಮೀನು ಕೊಡ್ಲಿಲ್ಲ. ಎರಡಡಿ ಟ್ಯಾಂಕು, ಸ್ಪಾಂಜ್ ಫಿಲ್ಟರು, ಜೊತೆಗೆ ನನ್ನ ಟ್ಯಾಂಕಲ್ಲೇ ತಿಂಗಳುಗಟ್ಟಲೆ ಓಡಿದ ಕೊಳೆ ಸ್ಪಾಂಜಿನ ಒಂದು ತುಂಡು ಪುಕ್ಕಟೆ. ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾ ಇರೋದು ಅದರಲ್ಲೇ, ಹೊಸ ಟ್ಯಾಂಕಲ್ಲಿ ತಾನಾಗೇ ಬೆಳೀಬೇಕು ಅಂದ್ರೆ ನಾಲ್ಕರಿಂದ ಆರು ವಾರ ಬೇಕು. ಎರಡು ವಾರ ಬಿಟ್ಟು ಬಾಟಲೀಲಿ ನೀರು ತಂದ್ರು, ನಾನೇ ಕಿಟ್ಟಲ್ಲಿ ಟೆಸ್ಟ್ ಮಾಡಿ ಆರು ಗಪ್ಪಿ ಕೊಟ್ಟೆ. ಮೊನ್ನೆ ಮರಿ ಹಾಕಿವೆ ಅಂತ ಫೋಟೋ ಕಳ್ಸಿದ್ರು.

ಕಾನೂನು ಇಲ್ವಾ ಅಂತ ಕೇಳ್ತಾರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಮನುಷ್ಯನನ್ನ ಬಿಟ್ಟು ಜೀವ ಇರೋದೆಲ್ಲಾ ಪ್ರಾಣಿನೇ, ಮೀನೂ ಸೇರಿ. 2017ರಲ್ಲಿ ಅಕ್ವೇರಿಯಂ ಅಂಗಡಿಗಳಿಗೇ ಅಂತ ಕೇಂದ್ರ ಸರ್ಕಾರ ಬೇರೆ ನಿಯಮ ತಂದಿತ್ತು, ವ್ಯಾಪಾರದೋರ ವಿರೋಧ ಜೋರಾಗಿತ್ತು, ಆಮೇಲೆ ವಾಪಸ್ ತಗೊಂಡ್ರು. ನನ್ನ ಅಂಗಡಿಗಂತೂ ಇವತ್ತಿನವರೆಗೆ ಯಾರೂ ಬಂದು ಟ್ಯಾಂಕ್ ನೋಡಿಲ್ಲ.

ನನ್ನ ಕೈ ಮೀರಿ ಇರೋದು ಆ ರಾತ್ರಿ ಬಸ್ಸು. 50 ಮೀನು ತುಂಬೋ ಕವರಿಗೆ 30 ಹಾಕಿ, ಬಾಕ್ಸ್ ಜಾಸ್ತಿ ಆದ್ರೆ ಲಗೇಜ್ ದುಡ್ಡು ನಾನೇ ಕೊಡ್ತೀನಿ ಅಂತ ಇಬ್ರು ಸಪ್ಲೈಯರ್ ಹತ್ರ ವರ್ಷದಿಂದ ಕೇಳ್ತಿದೀನಿ. ಒಬ್ರು ಆಗಲ್ಲ ಅಂದ್ರು. ಇನ್ನೊಬ್ರು ಒಂದು ಸಲ ನೋಡೋಣ ಅಂದಿದಾರೆ, ಶುಕ್ರವಾರ ಅವರ ಬಾಕ್ಸ್ ಬರುತ್ತೆ, ನೋಟ್‌ಬುಕ್ಕಲ್ಲಿ ಹೊಸ ಪುಟ ತೆಗೆದು ಇಟ್ಟಿದೀನಿ.